ತಗಡಿನ ಮೇಲಿನ ತೂಕ

ವಾಹನದ ತೂಕವೆಂದರೆ ಅದಕ್ಕೆ ಬಡಿದಿರುವ ತಗಡಿನ ಮೇಲೆ ಬರೆದ ತೂಕವೇ ಹೊರತು ವಾಹನದ ತೂಕವಲ್ಲ. ಸಾರಿಗೆ ಇಲಾಖೆಯ ಈ ನಿಯಮವನ್ನು ಊರೆಲ್ಲ ಒಪ್ಪಿತ್ತು. ಒಪ್ಪದೆ ಉಳಿದವನು ವೆಲ್ಡರ್ ಒಬ್ಬನೇ.

ಅವನಿಗೆ ಅವಸರವಿತ್ತು. ಮಗಳು ಬ್ರೆಡ್ ಅಂಗಡಿಗೆಂದು ಹಿಡಿದಿದ್ದ ಮಳಿಗೆಯಲ್ಲಿ ಸೋಮವಾರದೊಳಗೆ ಒಲೆ ಉರಿಯದಿದ್ದರೆ ಮಾಲೀಕ ಅದನ್ನು ಕ್ಷೌರಿಕನಿಗೆ ಕೊಡುವವನಿದ್ದ. ಒಲೆಯನ್ನು ವೆಲ್ಡರ್ ತಾನೇ ದಪ್ಪ ಕಬ್ಬಿಣದಲ್ಲಿ ಬೆಸೆದಿದ್ದ. ಮಗಳ ಮೇಲಿನ ಅಕ್ಕರೆ ಹೆಚ್ಚಾದಾಗಲೆಲ್ಲ ಇನ್ನೊಂದು ಹಲಗೆ ಸೇರಿಸಿದ್ದರಿಂದ ಅದು ವಿಪರೀತ ಭಾರವಾಗಿತ್ತು. ಅದನ್ನು ತರಲೆಂದು ಕಾರಿನ ಹಿಂದೆ ಖಾಲಿ ಟ್ರೇಲರ್ ಕಟ್ಟಿಕೊಂಡು ಹೊರಟವನನ್ನು ಸಾರಿಗೆ ಕಚೇರಿಯ ಎದುರು ಇನ್‌ಸ್ಪೆಕ್ಟರ್ ತಡೆದರು.

“ಕಾರು ಎರಡು ಟನ್, ಟ್ರೇಲರ್ ಎರಡು ಟನ್. ನಿಮ್ಮ ಲೈಸೆನ್ಸ್ ಮೂರೂವರೆ ಟನ್ನಿಗೆ ಮಾತ್ರ ಇದೆ.”

“ಟ್ರೇಲರ್ ಖಾಲಿ ಇದೆ ಸಾರ್. ನೀವೇ ನೋಡಿ.”

ಇನ್‌ಸ್ಪೆಕ್ಟರ್ ಸಭ್ಯರು, ಬಗ್ಗಿ ನೋಡಿದರು. “ಖಾಲಿ ಇರೋದು ನನಗೂ ಕಾಣ್ತಿದೆ. ಆದ್ರೆ ಎಷ್ಟು ತುಂಬಬಹುದೋ ಅಷ್ಟು ತುಂಬಿದೆ ಅಂತಲೇ ಲೆಕ್ಕ. ದೊಡ್ಡ ಲೈಸೆನ್ಸ್ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ತಗಡು ಬದಲಾಯಿಸ್ಕೊಳ್ಳಿ.”

ದೊಡ್ಡ ಲೈಸೆನ್ಸಿಗೆ ತಿಂಗಳುಗಟ್ಟಲೆ ಬೇಕು. ತಗಡನ್ನು ಪಕ್ಕದ ಕಿಟಕಿಯಲ್ಲೇ ಕೊಡುತ್ತಿದ್ದರು. ‘ಅರ್ಧ ಟನ್’ ಎಂಬ ಹೊಸ ತಗಡು ಬಡಿಸಿಕೊಂಡು ಹೋದ ವೆಲ್ಡರ್, ಸಂಜೆ ಒಲೆ ಹೇರಿಕೊಂಡು ಅದೇ ದಾರಿಯಲ್ಲಿ ಬಂದ. ಟ್ರೇಲರಿನ ಹೊಟ್ಟೆ ನೆಲ ಸವರುತ್ತಿತ್ತು.

ಇನ್‌ಸ್ಪೆಕ್ಟರ್ ತಗಡು ಓದಿದರು. “ಈಗ ಸರಿಹೋಯ್ತು ನೋಡಿ.”

“ಒಲೆಯೇ ಒಂದೂವರೆ ಟನ್ ಇದೆ ಸಾರ್,” ಎಂದ ವೆಲ್ಡರ್. ಸುಮ್ಮನಿರುವುದು ಅವನ ಜಾಯಮಾನವಲ್ಲ.

“ಅರ್ಧ ಟನ್ ಟ್ರೇಲರಲ್ಲಿ ಒಂದೂವರೆ ಟನ್ ಹೇಗ್ರೀ ಹಿಡಿಯುತ್ತೆ? ಹೊರಡಿ, ಹೊತ್ತಾಯ್ತು.”

ಮಳಿಗೆಯ ಎದುರಿಗೇ ಟ್ರೇಲರಿನ ಅಚ್ಚು ಮುರಿದು ಗಾಡಿ ಕೂತುಬಿಟ್ಟಿತು.

ಸ್ಥಳಪರಿಶೀಲನೆಗೆ ಬಂದ ಇನ್‌ಸ್ಪೆಕ್ಟರ್ ಮರುಮಾತಿಲ್ಲದಂತೆ ತೀರ್ಪಿತ್ತರು: ಅರ್ಧ ಟನ್ನಿಗೆ ಈ ಅಚ್ಚು ಮುರಿಯತಕ್ಕದ್ದಲ್ಲ, ಆದ್ದರಿಂದ ಮುರಿದಿಲ್ಲ. ಈ ರಸ್ತೆಯಲ್ಲಿ ವಾಹನ ನಿಲ್ಲಿಸುವಂತಿಲ್ಲ, ಆದ್ದರಿಂದ ನಿಂತಿಲ್ಲ. ಕೆಡದ, ನಿಲ್ಲದ ವಾಹನ ಚಲಿಸುತ್ತಿದೆಯೆಂದೇ ಭಾವಿಸತಕ್ಕದ್ದು.

“ಹಾಗಾದ್ರೆ ಒಲೆ ಇಳಿಸ್ಕೊಳ್ಲಾ?” ಎಂದು ಮಗಳು ಕೇಳಿದಳು.

“ಓಡೋ ಗಾಡಿಯಿಂದ ಸಾಮಾನು ಇಳಿಸೋದಾ? ಯಾರಿಗಾದ್ರೂ ಏಟಾದ್ರೆ ಏನಮ್ಮಾ ಗತಿ? ನಿಮ್ಮಪ್ಪನೂ ಸೀಟು ಬಿಟ್ಟು ಇಳೀಬಾರ್ದು.”

ಸೋಮವಾರ ಕಳೆಯಿತು. ಮಳಿಗೆ ಕ್ಷೌರಿಕನ ಪಾಲಾಯಿತು. ಮಗಳು ರಸ್ತೆಯಲ್ಲೇ ನಿಂತು ಅತ್ತಳು. ಕಾರಿನ ಕನ್ನಡಿಯಲ್ಲಿ ಅದನ್ನು ಕಂಡ ವೆಲ್ಡರ್ ಬಾಗಿಲಿಗೆ ಕೈ ಹಾಕಿದ, ಆದರೆ ಇಳಿಯುವಂತಿರಲಿಲ್ಲ. ಆಮೇಲೆ ಅವಳು ಕಣ್ಣೊರೆಸಿಕೊಂಡು, ಟ್ರೇಲರ್ ಹತ್ತಿ, ಅಲ್ಲೇ ಒಲೆ ಹಚ್ಚಿದಳು.

ವ್ಯಾಪಾರ ಕುದುರಿತು. ಚಲಿಸುವ ಅಂಗಡಿಗೆ ಬಾಡಿಗೆಯೂ ಇಲ್ಲ. ಕ್ಷೌರಿಕ ದಿನಾ ಬೆಳಿಗ್ಗೆ ಕಾರಿನ ಕಿಟಕಿಯಿಂದಲೇ ವೆಲ್ಡರನ ಗಡ್ಡ ಹೆರೆದು, ಬಿಸಿ ಬ್ರೆಡ್ ಕಟ್ಟಿಸಿಕೊಂಡು ಹೋಗುತ್ತಾನೆ.

ಮೊನ್ನೆ ಬ್ರೆಡ್ ಕೊಳ್ಳಲು ಬಂದ ಇನ್‌ಸ್ಪೆಕ್ಟರ್ ಕಾರಿನ ಗಾಜು ತಟ್ಟಿದರು. “ಮುಂದೆ ಶಾಲೆ ಇದೆ. ಮಕ್ಕಳು ಓಡಾಡ್ತಿರ್ತಾರೆ, ಸ್ವಲ್ಪ ನಿಧಾನ.”

“ಆಗಲಿ ಸಾರ್,” ಎಂದು ವೆಲ್ಡರ್ ಬ್ರೇಕ್ ಒತ್ತಿದ.