ಗೋಡೆ ದಾಟಿದ ಶಹನಾಯಿ

"ಇವತ್ತಿನಿಂದ ಈ ಮನೆಯಲ್ಲಿ ಯಾರೂ ಹಾಡು ಕೇಳುವಂತಿಲ್ಲ. ಸಂಗೀತವನ್ನು ಆಲಿಸಬೇಕು!"

ಹೀಗೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ ವಿದ್ಯಾವತಿ ಮೆಂತ್ಯೆಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆಯೇ, "ಎರಡಕ್ಕೂ ಕಿವೀನೇ ಬೇಕಲ್ರಿ?" ಅಂದಳು.

ಅರಸಿಕರ ಜೊತೆ ವಾದಕ್ಕಿಳಿಯಬಾರದು. ನಾನು ಕಡಗಂಚಿಯ ಯೂನಿವರ್ಸಿಟಿ ಕಚೇರಿಯಲ್ಲಿ ನೌಕರ. ದಿನಾ ಆಳಂದದಿಂದ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ಸೌಂಡು ಪಂಡಿತರ ವಿಡಿಯೋ ನೋಡಿ ನೋಡಿ ನಾನೂ ಅರ್ಧ ಪಂಡಿತನಾಗಿದ್ದೆ. ಮನೆಗೆ ಒಂದು ಮ್ಯೂಸಿಕ್ ಸ್ಟ್ರೀಮರ್ ತರಲೇಬೇಕೆಂದು ತೀರ್ಮಾನಿಸಿದ್ದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ವೈಫೈ ಮೂಲಕ ಇಂಟರ್‌ನೆಟ್ಟಿನಿಂದ ಹಾಡು ಎಳೆದುಕೊಂಡು, ತೊಳೆದು, ಒರೆಸಿ, ಸ್ವಚ್ಛ ಮಾಡಿ ಸ್ಪೀಕರಿಗೆ ಕೊಡುವ ಡಬ್ಬಿ ಅದು. ಬೆಲೆ ಮಾತ್ರ ಕೇಳಬೇಡಿ. ವಿದ್ಯಾವತಿಗೂ ನಾನು ಪೂರ್ತಿ ಹೇಳಿಲ್ಲ.

ಆರಿಸುವುದೇನು ಸಾಮಾನ್ಯ ಕೆಲಸವೇ! ಒಬ್ಬ ಪಂಡಿತ "ಈ ಯಂತ್ರದಲ್ಲಿ ತಬಲಾ ಎದ್ದು ಕುಣಿಯುತ್ತದೆ" ಎಂದರೆ, ಇನ್ನೊಬ್ಬ "ಅದೇ ಯಂತ್ರದಲ್ಲಿ ತಬಲಾ ಮಲಗಿಬಿಟ್ಟಿದೆ" ಎನ್ನುತ್ತಿದ್ದ. ಒಂದರ ಬಣ್ಣ ಸರಿಯಿಲ್ಲ, ಒಂದರ ಗುಂಡಿ ಸರಿಯಿಲ್ಲ. ಹಗಲೂ ರಾತ್ರಿ ಅದೇ ಧ್ಯಾನ.

"ನನ್ನ ನೋಡಾಕ ಬಂದಾಗ ಚಹಾ ಆರೋದ್ರಾಗ ಹ್ಞೂಂ ಅಂದಿದ್ರಿ," ಎಂದಳು ವಿದ್ಯಾವತಿ. "ಈ ಡಬ್ಬಿ ಪಸಂದ ಮಾಡಾಕ ಒಂದ್ ಪೂರಾ ಮಳಿಗಾಲ ಹೋತಲ್ರಿ!"

"ಅವಸರ ಮಾಡಿದ್ರ ಆಮ್ಯಾಗ ಅನುಭವಿಸಬೇಕಾಗ್ತದ ಅಂತ ಆಗ್ಲೇ ಗೊತ್ತಾಗ್ಯದ," ಅಂದೆ. ಆ ಸಂಜೆ ನನಗೆ ಚಹಾ ಸಿಗಲಿಲ್ಲ.

ಅಂತೂ ಯಂತ್ರ ಬಂತು. ಕಪ್ಪು ಬಣ್ಣ, ಮುಂಭಾಗ ಪೂರಾ ಗಾಜು, ಒಂದೇ ಒಂದು ಗುಂಡಿಯಿಲ್ಲ! ಕೈ ಹತ್ತಿರ ಹೋದರೆ ಸಾಕು, ಗಾಜು ತಾನೇ ಎಚ್ಚರಗೊಂಡು ಬೆಳಕು ಚೆಲ್ಲುತ್ತದೆ. ಜೊತೆಗೊಂದು ದಪ್ಪ ಪುಸ್ತಕವಿತ್ತು. ಪುಸ್ತಕ ಓದಿ ಯಂತ್ರ ನಡೆಸುವುದು ಹೆದರುಪುಕ್ಕಲರ ಕೆಲಸ. ಅದನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯಲೂ ಇಲ್ಲ.

ಅಷ್ಟರಲ್ಲಿ ನನ್ನ ಅವ್ವ, ಗುರಮ್ಮ, ಕಾಯಿ, ಎಣ್ಣೆದೀಪ, ನೀರಿನ ತಂಬಿಗೆ ಹಿಡಿದು ಬಂದೇಬಿಟ್ಟಳು.

"ಅವ್ವಾ! ಕಾಯಿ ಒಡೀಬ್ಯಾಡ! ನೀರು ಒಳಗ ಹೋದ್ರ ಕೆಟ್ಟೇ ಹೋಗ್ತದ!"

"ಹೊಸಾ ಮಷೀನು ಮನಿಗೆ ಬಂದದ, ಪೂಜಿ ಬ್ಯಾಡೇನಲೇ?"

ಕೊನೆಗೆ ನಾನೇ ದೊಡ್ಡ ಮನಸ್ಸು ಮಾಡಿ ರಾಜಿ ಸೂತ್ರ ಮುಂದಿಟ್ಟೆ. ಕಾಯಿ ಬೇಡ, ಎಣ್ಣೆ ಬೇಡ, ನೀರು ಬೇಡ. ವಿಭೂತಿ ಒಣಗಿದ್ದು, ಅದರಿಂದ ಯಂತ್ರಕ್ಕೆ ಅಪಾಯವಿಲ್ಲ. ಬೇಕಾದಷ್ಟು ಹಚ್ಚಿಕೊ! ಅವ್ವ ಒಪ್ಪಿದಳು. ಓದಿದ ಮಗ ಮತ್ತು ಭಕ್ತಿಯ ತಾಯಿ ಇಬ್ಬರೂ ಗೆದ್ದ ಅಪರೂಪದ ಒಪ್ಪಂದವದು ಎಂದು ಆಫೀಸಿನಲ್ಲೂ ಹೇಳಿಕೊಂಡು ತಿರುಗಿದೆ.

ಆ ಯಂತ್ರದಲ್ಲೊಂದು ರಾಜಭೋಗವಿತ್ತು. ಹೊತ್ತು ಗೊತ್ತುಮಾಡಿ ಇಟ್ಟರೆ ಮುಂಜಾನೆ ತಾನೇ ಹಾಡಿ ಎಬ್ಬಿಸುತ್ತದೆ. ಹಿಂದೆ ಅರಸರನ್ನು ಎಬ್ಬಿಸಲು ವಾದ್ಯದವರಿರುತ್ತಿದ್ದರಂತೆ. ನಾನೇನು ಕಡಿಮೆ! ಮಲಗುವ ಮುಂಚೆ ಮೊಬೈಲಿನಲ್ಲಿ ಒಂದು ಶಹನಾಯಿ ಆರಿಸಿ, ದನಿಯನ್ನು ಪಿಸುಮಾತಿನಷ್ಟು ಸಣ್ಣದು ಮಾಡಿ, ಚಕ್ರವರ್ತಿಯಂತೆ ಹೊದ್ದು ಮಲಗಿದೆ.

ಮುಂಜಾನೆ... ಅಯ್ಯಯ್ಯೋ! ನೂರು ಶಹನಾಯಿಗಳು ನನ್ನ ಎದೆಯ ಮೇಲೆ ಹತ್ತಿ ಕೂತು ಊದಿದಂತಾಯಿತು! ಕಿಟಕಿ ಗಾಜು ಗಡಗಡ, ಅಡುಗೆಮನೆಯ ಡಬ್ಬಿಗಳು ದಡದಡ. ಚಕ್ರವರ್ತಿ ಮಂಚದಿಂದ ಕೆಳಗೆ! ಎದುರು ಮನೆಯ ಜಗದೇವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದು, "ಯಾರ ಮದ್ವಿರೀ, ನಮಗ ಹೇಳಿಲ್ಲಲ್ಲ?" ಎಂದ.

ನಾನು ಬಿದ್ದು ಎದ್ದು ವೈರು ಕಿತ್ತೆ. ಪಕ್ಕದ ಮನೆಯಿಂದ ಎಳೆಗೂಸಿನ ಅಳು ಕೇಳಿಸಿತು.

ಆ ಕೂಸಿನ ವಿಷಯ ಹೇಳಬೇಕು. ನಮ್ಮ ಮನೆಗೂ, ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಬೀಬಿಜಾನರ ಮನೆಗೂ ನಡುವೆ ಒಂದೇ ಗೋಡೆ. ಅವರ ಮಗಳು ಮುಸ್ಕಾನ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬೀಬಿಜಾನ ಖಾಲಾ ಮತ್ತು ನಮ್ಮವ್ವ ಎಂದರೆ ಒಂದೇ ಎಲೆಯಡಿಕೆ ಚೀಲ. ನಾನು ಹುಟ್ಟುವ ಮುಂಚಿನಿಂದ ಸಂಜೆಯಾದರೆ ನಮ್ಮ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂತು ಊರನ್ನೆಲ್ಲ ಜರಡಿ ಹಿಡಿಯುತ್ತಾರೆ.

"ಆ ಟೈಮರ್ ಬಂದ್ ಮಾಡ್ರಿ," ಎಂದಳು ವಿದ್ಯಾವತಿ. "ಬಾಜೂಕ ಬಾಣಂತಿ ಇದ್ದಾಳ."

ಬಂದ್ ಮಾಡುವುದೇ? ಇಷ್ಟು ತಿಳಿದುಕೊಂಡವನು ಒಂದು ಡಬ್ಬಿಗೆ ಸೋಲೊಪ್ಪುವುದೇ? "ಇದು ನೆಟ್‌ವರ್ಕ್ ದೋಷ!" ಎಂದು ತೀರ್ಪು ಕೊಟ್ಟೆ. ವೈಫೈ ಡಬ್ಬಿಯನ್ನು ಪಡಸಾಲೆಯಿಂದ ಎತ್ತಿ ದೇವರ ಜಗಲಿಯ ಪಕ್ಕ ಇಟ್ಟೆ. ಮರುದಿನ ಮುಂಜಾನೆ ಮತ್ತೆ ಅದೇ ಪ್ರಳಯ! ಹಾಗಾದರೆ ಕರೆಂಟಿನ ದೋಷ. ಸ್ಟೆಬಿಲೈಜರ್ ತಂದೆ. ಪ್ರಳಯ! ವೈರಿನ ದೋಷ. ಪಂಡಿತರು ಹೊಗಳಿದ, ಹಾವಿನಷ್ಟು ದಪ್ಪದ ವೈರು ತರಿಸಿದೆ. ಪ್ರಳಯ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು!

ಸೋಜಿಗವೆಂದರೆ ಸಂಜೆ ನಾನು ಎಷ್ಟು ಸಲ ಹಚ್ಚಿ ನೋಡಿದರೂ ಯಂತ್ರ ಹಸುವಿನಂತೆ ಸೌಮ್ಯ. ಮುಂಜಾನೆಯಾದರೆ ಮೈಮೇಲೆ ದೆವ್ವ ಬಂದಂತೆ! ಕಂಪನಿಗೆ ಫೋನು ಮಾಡಿದರೆ ಒಬ್ಬ ಹುಡುಗಿ ಜೇನಿನಂಥ ದನಿಯಲ್ಲಿ, "ಸರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದಳು.

ಅವ್ವ ಮಾತ್ರ ನನ್ನ ಪರವಾಗಿ ನಿಂತಿದ್ದಳು. "ಅದಕ್ಕ ಯಾರದೋ ದೃಷ್ಟಿ ತಾಗ್ಯದ ತಮ್ಮ. ನಾ ನೋಡ್ಕೋತೇನಿ, ನೀ ಚಿಂತಿ ಮಾಡಬ್ಯಾಡ."

ಆದರೆ ಅವ್ವನ ಮುಖವೂ ದಿನದಿಂದ ದಿನಕ್ಕೆ ಬಾಡತೊಡಗಿತ್ತು. ಬೀಬಿಜಾನ ಖಾಲಾ ಕಟ್ಟೆಗೆ ಬರುವುದನ್ನು ನಿಲ್ಲಿಸಿಬಿಟ್ಟಿದ್ದರು. ಮೊದಮೊದಲು ಬಾಣಂತಿಯ ಕೆಲಸವಿರಬೇಕು ಅಂದುಕೊಂಡೆವು. ಒಂದು ದಿನ ಅವ್ವ ಕಟ್ಟೆಯಿಂದಲೇ, "ಬೀಬೀ, ಬಾರಬೇ!" ಎಂದು ಕೂಗಿದಳು. ಖಾಲಾ ಬಾಗಿಲಲ್ಲಿ ಮುಖ ತೋರಿಸಿ, ತಲೆ ತಗ್ಗಿಸಿ ಒಳಗೆ ಹೋಗಿಬಿಟ್ಟರು. ಅವ್ವ ಎಲೆಯಡಿಕೆ ಚೀಲ ಬಿಚ್ಚದೆಯೇ ಎದ್ದು ಬಂದಳು. ಅವತ್ತು ಅರ್ಧ ರೊಟ್ಟಿ ತಿಂದು ಕೈತೊಳೆದಳು. ಇಷ್ಟು ವರ್ಷಗಳಲ್ಲಿ ಊರಲ್ಲಿ ಏನೇನೋ ಆಗಿಹೋಗಿದೆ, ಚುನಾವಣೆಗಳು ಬಂದು ಹೋಗಿವೆ, ಆ ಕಟ್ಟೆ ಒಂದು ಸಂಜೆಯೂ ಖಾಲಿ ಇರಲಿಲ್ಲ. ನನ್ನ ಡಬ್ಬಿ ಒಂದು ವಾರದಲ್ಲಿ ಅದನ್ನು ಖಾಲಿ ಮಾಡಿಬಿಟ್ಟಿತ್ತು!

ವಿದ್ಯಾವತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾಳೆ ಒಂದ್ ದಿನ ನಿಮಗ ಬಿಟ್ಟೇನಿ. ಏನ್ ಆಗ್ಯದ ಅಂತ ಹುಡುಕ್ರಿ. ಇಲ್ಲಾಂದ್ರ ಇದನ್ನ ಗುಜರಿ ಗಾಡಿಗೆ ಹಾಕಿ ಉಳ್ಳಾಗಡ್ಡಿ ತಗೋತೇನಿ!"

ಮರುದಿನ ನಸುಕಿನಲ್ಲೇ ಎದ್ದೆ. ಸ್ಪೀಕರಿನ ವೈರು ಬಿಚ್ಚಿಟ್ಟು, ಪಡಸಾಲೆಯ ಬಾಗಿಲ ಹಿಂದೆ ಪೊಲೀಸನಂತೆ ಅವಿತು ಕೂತೆ. ದನಿ ಸಣ್ಣಗೇ ಇತ್ತು. ನಾನೇ ಇಟ್ಟದ್ದು, ಕಣ್ಣಾರೆ ನೋಡಿದ್ದೆ. ಇಲಿ ಇರಬಹುದೇ? ಹಲ್ಲಿ ಇರಬಹುದೇ? ಎದುರು ಮನೆಯ ಜಗದೇವನ ಹೊಟ್ಟೆಕಿಚ್ಚು ವೈಫೈ ಮೂಲಕ ಬರುತ್ತಿರಬಹುದೇ?

ಅವ್ವ ಲಿಂಗಪೂಜೆ ಮುಗಿಸಿ, ಕೈಯಲ್ಲಿ ವಿಭೂತಿಗಟ್ಟಿ ಹಿಡಿದು ಬಂದಳು. ಇದು ನಮ್ಮ ಮನೆಯ ನಿತ್ಯದ ಮೆರವಣಿಗೆ. ಫ್ರಿಜ್ಜಿಗೆ ಮೂರು ಗೆರೆ, ಮಿಕ್ಸರಿಗೆ ಮೂರು ಗೆರೆ, ಹೊಲಿಗೆ ಮಷೀನಿಗೆ ಮೂರು ಗೆರೆ, ನನ್ನ ಬೈಕಿಗೆ ಮೂರು ಗೆರೆ. ಹುಟ್ಟಿದಾಗಿನಿಂದ ನೋಡಿದ್ದರಿಂದ ಆ ಗೆರೆಗಳು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಅವ್ವ ಸ್ಟ್ರೀಮರಿನ ಮುಂದೆ ಬಂದು ನಿಂತಳು. ಗಾಜು ಎಚ್ಚರಗೊಂಡು ಬೆಳಕು ಚೆಲ್ಲಿತು. "ಶಾಂತ ಆಗಪಾ ನನ್ನಪ್ಪ," ಎನ್ನುತ್ತಾ ಅವ್ವ ಮೂರು ಬೆರಳನ್ನು ಎಡದಿಂದ ಬಲಕ್ಕೆ ಭಕ್ತಿಯಿಂದ ಎಳೆದಳು.

ದನಿಯ ಅಂಕಿ ಸರ್ರನೆ ಏರಿ ನೂರಕ್ಕೆ ಹೋಗಿ ನಿಂತಿತು!

ಸದ್ದಿಲ್ಲ, ಗದ್ದಲವಿಲ್ಲ. ಶಹನಾಯಿಯ ಹೊತ್ತು ಇನ್ನೂ ಆಗಿರಲಿಲ್ಲವಲ್ಲ! ಅವ್ವ ಕೈಮುಗಿದು ಮುಂದಿನ ದೇವರಾದ ವಾಶಿಂಗ್ ಮಷೀನಿನ ಕಡೆ ನಡೆದಳು.

ನಾನು ಓಡಿಹೋಗಿ ಪುಸ್ತಕದ ಪ್ಲಾಸ್ಟಿಕ್ ಹರಿದೆ. ಎರಡನೆಯ ಪುಟದಲ್ಲೇ, ಚಿತ್ರಸಮೇತ ಇತ್ತು: ಒಂದು ಬೆರಳು ಸವರಿದರೆ ದನಿ ತುಸು ಏರುತ್ತದೆ. ಮೂರು ಬೆರಳು ಸವರಿದರೆ ಪೂರ್ತಿ! ಅದನ್ನು ಮಾಡಿದ ಇಂಜಿನಿಯರು ಯಾವ ದೇಶದವನೋ. ಆಳಂದದಲ್ಲಿ ಯಂತ್ರಕ್ಕೂ ಹಣೆಯಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಅವ್ವಾ! ನೀನಽ!" ಎಂದು ಕೂಗಿದೆ.

ವಿಷಯ ತಿಳಿದು ಅವ್ವ ಒಂದು ಗಳಿಗೆ ಗಲ್ಲಕ್ಕೆ ಕೈಯಿಟ್ಟಳು. ಮರುಗಳಿಗೆಯೇ ಎದ್ದು ನಿಂತಳು. "ಹಚ್ಕೋ ಅಂದವ ಯಾರು? ನೀನೇ! ಫ್ರಿಜ್ಜಿಗೆ ಇಷ್ಟ್ ವರ್ಷ ಹಚ್ಚೇನಿ, ಒಂದ್ ದಿನಾರ ಒದರ್ಯದೇನು? ನಿನ್ನ ಮಷೀನಿಗೇ ಸಂಸ್ಕಾರ ಇಲ್ಲ!"

ವಿದ್ಯಾವತಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಮಾತ್ರ ಮಣಭಾರದ ಚೀಲ ಇಳಿಸಿದ ಹಮಾಲನಂತೆ ಉಸಿರುಬಿಟ್ಟೆ. ಪುಸ್ತಕದ ಮೂರನೆಯ ಪುಟ ನೋಡಿ ಗಾಜಿಗೆ ಬೀಗ ಹಾಕುವ ಉಪಾಯ ಕಲಿತೆ. ಮುಂಜಾನೆಯ ಟೈಮರನ್ನೂ ಬಂದ್ ಮಾಡಿದೆ. ಇನ್ನು ಉಳಿದದ್ದು ಬೀಬಿಜಾನ ಖಾಲಾ. ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಅವ್ವ ಮುಂದೆ, ಅಪರಾಧಿ ನಾನು ಹಿಂದೆ, ಅವರ ಮನೆಗೆ ಹೋದೆವು.

ನಾನು ಬಾಯಿ ತೆರೆಯುವ ಮುಂಚೆಯೇ ಖಾಲಾ ಅವ್ವನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದರು. "ಮಾಫ್ ಮಾಡು ಗುರಮ್ಮಕ್ಕ. ರಾತ್ರಿ ಪೂರಾ ನಮ್ಮ ಕೂಸು ಅಳ್ತದ, ನಿಮಗ್ಯಾರಿಗೂ ನಿದ್ದಿ ಇಲ್ಲ. ಅದಕ್ಕ ನಿನ್ನ ಮಗ ಅಮರನಾಥ ಸಿಟ್ಟಿಲೆ ಮುಂಜಾನಿ ಹಂಗ ಹಚ್ಚಾಕತ್ತಾನ. ಯಾವ ಮಾರಿ ಇಟ್ಕೊಂಡು ಕಟ್ಟಿಗೆ ಬರ್ಲಿ?"

ಇವರ ಸಿಟ್ಟಿಗೆ ನಾವು ಹೆದರಿ ಕೂತಿದ್ದರೆ, ಅವರು ನಮ್ಮ ಸಿಟ್ಟಿಗೆ ಹೆದರಿ ಕೂತಿದ್ದರು!

"ಕೂಸಿನ ಅಳುವಿಗೆ ಯಾರಾದ್ರೂ ಸಿಟ್ಟಾಗ್ತಾರೇನ್ ಖಾಲಾ?" ಎಂದೆ. "ರಾತ್ರಿ ಅಳೋದು ನಮಗ ಕೇಳ್ಸೇ ಇಲ್ರಿ. ಇದೆಲ್ಲಾ ನಮ್ಮವ್ವನ ಮೂರು ಬೆರಳಿನ ಕೆಲಸ!"

ವಿಭೂತಿಯ ಕತೆ ಕೇಳಿ ಒಳಗಿನ ಕೋಣೆಯಲ್ಲಿ ಮುಸ್ಕಾನ ಕಿಸಕ್ಕನೆ ನಕ್ಕಳು. ಖಾಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಅವ್ವ ಅವರ ಬೆನ್ನಿಗೊಂದು ಗುದ್ದು ಕೊಟ್ಟು, "ಹುಚ್ಚಿ! ನನ್ನ ಕೇಳಬಾರದೇನಬೇ?" ಎಂದು ಬೈದು, ಕೂಸನ್ನು ಎತ್ತಿಕೊಂಡಳು.

ಅವತ್ತಿನ ಸಂಜೆ ಕಟ್ಟೆಯ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡಿತು. ನನಗೋ ಹಬ್ಬ! ಯಂತ್ರ ಪಳಗಿದೆ, ಮನಸ್ಸು ಹಗುರಾಗಿದೆ, ಇನ್ನು ಕಲಾಪ್ರದರ್ಶನಕ್ಕೆ ಇದೇ ಮುಹೂರ್ತ. ಕಿಟಕಿ ತೆರೆದು, ದನಿಯನ್ನು ಹದವಾಗಿ ಇಟ್ಟು, ಅದೇ ಶಹನಾಯಿ ಹಚ್ಚಿದೆ. ಆಹಾ! ಸ್ವರ ಸ್ವರವೂ ಬಿಡಿಬಿಡಿಯಾಗಿ, ಕಲಾವಿದನ ಉಸಿರೂ ಕೇಳುವಂತೆ! ಕಿಟಕಿಯ ಪಕ್ಕ ಎದೆಯುಬ್ಬಿಸಿ, ಶಭಾಷ್‌ಗಿರಿಗಾಗಿ ಕಾಯುತ್ತಾ ನಿಂತೆ.

"ಅಮರನಾಥಾ!" ಅವ್ವ ಕೂಗಿದಳು.

ಒಂದೇ ನೆಗೆತಕ್ಕೆ ಕಟ್ಟೆಯ ಬಳಿ ಹಾಜರಾದೆ. "ಏನವ್ವಾ, ಹೆಂಗದ?"

"ಏನ್ ಹೆಂಗದ? ಅದನ್ನ ಜರಾ ಬಂದ್ ಮಾಡು ತಮ್ಮ. ಎಷ್ಟ್ ದಿನದ ಮಾತು ಉಳ್ದಾವ, ಈಕಿ ಹೇಳೋದು ಒಂದೂ ಕಿವಿಗಿ ಬೀಳವಲ್ದು!"

ಲೋಕದ ಪಂಡಿತರೆಲ್ಲ ಕೊಂಡಾಡಿದ ಆ ಯಂತ್ರವನ್ನು ನಾನು ಒಳಗೆ ಹೋಗಿ ತೆಪ್ಪಗೆ ಬಂದ್ ಮಾಡಿದೆ. ಹೊರಗೆ ಬೀಬಿಜಾನ ಖಾಲಾ ಎಲೆಗೆ ಸುಣ್ಣ ಸವರುತ್ತಾ ಹೇಳಿದರು:

"ಹಾಂ! ಈಗ ಆವಾಜು ಸಾಫ್ ಬರಾಕತ್ತದ ನೋಡು ಗುರಮ್ಮಕ್ಕ!"