ಹಾರ್ನ್ ಹೊಡೆದರೆ ಹಾಲು

ಕೆಲವರ ಮನೆಗೆ ಗಾಬರಿ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ನಾವು ಹಾಗಲ್ಲ, ಮನೆಯಲ್ಲಿದ್ದ ಒಳ್ಳೆಯ ವಸ್ತು ಕೊಟ್ಟು ಅದನ್ನು ತಂದುಕೊಳ್ಳುವವರು. ಅದರಲ್ಲೂ ನನ್ನದು ಮೊದಲೇ ಪುಕ್ಕಲು ಜೀವ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸ. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಆ ಅಭ್ಯಾಸವನ್ನು ಸಂಜೆ ಕಾರ್ಖಾನೆಯಲ್ಲೇ ಬಿಟ್ಟು ಬರುವುದು ಇವತ್ತಿಗೂ ನನ್ನಿಂದ ಆಗಿಲ್ಲ. ಇಂಥವನ ಮನೆಗೆ ಹಳೆಯ ವ್ಯಾನೊಂದು ಬಂದರೆ ಏನಾಗಬೇಕೋ ಅದೇ ಆಯಿತು.

ಮಂಚಕ್ಕೆ ವ್ಯಾನು

ನಾವು ಹಾವೇರಿ ಕಡೆಯವರು. ಇರುವುದು ಚಿಕ್ಕಬಾಣಾವರದಲ್ಲಿ, ಕೆಳಗಿನ ಬಾಡಿಗೆ ಮನೆಯಲ್ಲಿ. ಮೇಲೆ ಓನರ್ ಮತ್ತು ಅವರ ತಾಯಿ. ಹಿತ್ತಿಲಲ್ಲಿ ಕೊಟ್ಟಿಗೆ. ಅವರ ಹೊಲವೆಲ್ಲ ಸೈಟಾಗಿ ಹೋದರೂ ಕೊಟ್ಟಿಗೆಯಲ್ಲಿ ಒಂದು ಹಸು ಉಳಿದುಕೊಂಡಿತ್ತು.

ನನ್ನ ಹೆಂಡತಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಮಾಕಳಿಯ ಒಂದು ಕಾರ್ಖಾನೆಯವರು ಸೆಕೆಂಡ್ ಶಿಫ್ಟಿನ ಊಟಕ್ಕೆ ಅವಳನ್ನು ಕೇಳಿದರು. ಅಲ್ಲಿನ ಕ್ಯಾಂಟೀನ್ ಮ್ಯಾನೇಜರ್ ಫೋನಿನಲ್ಲೇ ಷರತ್ತು ಹಾಕಿದರು: "ಟ್ರಯಲ್ ದಿನ ಆರೂವರೆಗೆ ಊಟ ಟೇಬಲ್ ಮೇಲಿರ್ಬೇಕು ಮೇಡಂ. ಆಟೋ ಸಿಗ್ಲಿಲ್ಲ, ಗೀಟೋ ಸಿಗ್ಲಿಲ್ಲ ಅನ್ನೋ ಕಥೆ ಕೇಳಿ ಸಾಕಾಗಿದೆ. ಸ್ವಂತ ಗಾಡಿ ಇದ್ರೆ ಹೇಳಿ."

ಆ ಆರ್ಡರಿನ ಮೇಲೆ ಅವಳು ಜೀವ ಇಟ್ಟುಕೊಂಡಿದ್ದಳು. ಕೈರುಚಿ ಚೆನ್ನಾಗಿದೆ ಎಂದು ಹೊಗಳಿದವರು ಊರು ತುಂಬ ಇದ್ದಾರೆ. ಅದನ್ನೊಂದು ಕೆಲಸ ಎಂದು ಕರೆದವರು ಮಾತ್ರ ಈ ಮ್ಯಾನೇಜರ್ ಒಬ್ಬರೇ.

ನಮ್ಮ ಮನೆಯಲ್ಲಿ ಅವಳ ತವರಿನವರು ಕೊಟ್ಟ ಸಾಗವಾನಿ ತೂಗುಮಂಚವೊಂದಿತ್ತು. ತೂಗು ಹಾಕಲು ಸೂರಿಗೆ ಕೊಂಡಿ ಬೇಕು, ಕೊಂಡಿಗೆ ಓನರ್ ಬಿಡಲಿಲ್ಲ. "ಮೋಲ್ಡಿಗೆ ತೂತು ಒಡೆಯಂಗಿಲ್ಲ ಸಾ" ಎಂದುಬಿಟ್ಟಿದ್ದರು. ಹಾಗಾಗಿ ಮಂಚ ಬಂದ ದಿನದಿಂದ ಗೋಡೆಗೆ ಒರಗಿಕೊಂಡೇ ಇತ್ತು. ಓನರ್ ತಾಯಿ, ಅಂದರೆ ಅಜ್ಜಿ, ಬಂದಾಗಲೆಲ್ಲ ಅದರ ಹಿತ್ತಾಳೆ ಸರಪಳಿ ಸವರಿ ಹೋಗುತ್ತಿದ್ದರು.

ಓನರ್ ಬಳಿ ಒಂದು ಹಳೆಯ ವ್ಯಾನಿತ್ತು. ದಿನಾ ಎರಡು ಹೊತ್ತು ಅದರಲ್ಲೇ ಹಸುವಿಗೆ ಹುಲ್ಲು ತರುತ್ತಿದ್ದರು. ಈಗ ಹುಲ್ಲಿನವನೇ ಮನೆಗೆ ತಂದು ಹಾಕುವುದರಿಂದ ವ್ಯಾನಿಗೆ ಕೆಲಸವಿರಲಿಲ್ಲ. "ನಮ್ಮವ್ವಂಗೆ ಉಯ್ಯಾಲೆ, ನಿಮ್ಗೆ ವ್ಯಾನು. ಆಯ್ತಾ ಸಾ?" ಎಂದರು. ನಾನು ತಪಾಸಣೆ ಮಾಡಿ ಹೇಳೋಣ ಎಂದು ಬಾಯಿ ತೆಗೆಯುವಷ್ಟರಲ್ಲಿ ಹೆಂಡತಿ "ಆತ್ರಿ" ಎಂದಾಗಿತ್ತು.

ಅವತ್ತೇ ಸಂಜೆ ತಲೆಯ ಮೇಲೆ ಡ್ರಿಲ್ ಸದ್ದು. ಇಡೀ ಕಟ್ಟಡ ಗಡಗಡ ನಡುಗಿ ನನ್ನ ಚಹಾದೊಳಗೆ ಸುಣ್ಣದ ಪುಡಿ ಉದುರಿತು. ಮೇಲೆ ಓಡಿಹೋಗಿ ಕೇಳಿದೆ, "ಅಣ್ಣಾ, ಮೋಲ್ಡಿಗೆ ತೂತು ಹೊಡೆಯೋ ಹಾಗಿಲ್ಲ ಅಂದಿದ್ರಲ್ಲ?"

"ಅದು ನಿಮ್ ಮನೆ ಮೋಲ್ಡು ಸಾ. ಇದು ನಮ್ದು."

ಟೆನ್ಶನ್ ತಗೋಬೇಡಿ

ನಿಂತು ನಿಂತು ಸ್ಟಾರ್ಟೇ ಆಗದ ವ್ಯಾನನ್ನು ಮಾಕಳಿ ಕಡೆಯ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಮೆಕ್ಯಾನಿಕ್ ಒಳ್ಳೆಯ ಮನುಷ್ಯ. ಫೋನ್ ಮಾಡಿದರೆ ಮೊದಲ ಮಾತೇ "ಸಾರ್, ಟೆನ್ಶನ್ ತಗೋಬೇಡಿ." ನನ್ನ ಎದೆ ಡವಡವ ಶುರುವಾಗುವುದೇ ಆ ಮಾತಿನಿಂದ.

ಮೊದಲ ಫೋನು: "ಟೆನ್ಶನ್ ತಗೋಬೇಡಿ ಸಾರ್, ಸೈಲೆನ್ಸರ್ ಕಳಚಿ ಬಿತ್ತು. ಕಾಲ್ಮೇಲೆ ಬಿದ್ದಿಲ್ಲ."

ಆಮೇಲೆ ಇನ್ನೊಂದು: "ಟೆನ್ಶನ್ ತಗೋಬೇಡಿ. ಬ್ರೇಕ್ ಇತ್ತು ಅಂದ್ಕೊಂಡಿದ್ವಲ್ಲ, ಇರ್ಲಿಲ್ಲ."

ಹೀಗೆ ಫೋನು ಬಂದಾಗಲೆಲ್ಲ ನಾನು ಗೋಡೆ ಹಿಡಿದುಕೊಂಡು ಕೂರುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಮೇಲಿನ ಮನೆಯಲ್ಲಿ ಅಜ್ಜಿ ತೂಗುಮಂಚ ಹತ್ತುವರು. ಕಿರ್ರ್, ಕಿರ್ರ್ ಎಂದು ಸರಪಳಿ ತೂಗುವ ಸದ್ದು. ಹೆಂಡತಿ ಹಿಟ್ಟು ನಾದುವುದನ್ನು ನಿಲ್ಲಿಸಿ ಒಮ್ಮೆ ಸೂರು ನೋಡುವಳು, ಒಮ್ಮೆ ನನ್ನನ್ನು ನೋಡುವಳು. ಬಾಯಿ ಬಿಟ್ಟು ಏನಾದರೂ ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಒಂದು ಮಧ್ಯಾಹ್ನ ಮೆಕ್ಯಾನಿಕ್ ಗ್ಯಾರೇಜಿಗೇ ಕರೆಸಿದ. ಹಿಂದಿನ ಮ್ಯಾಟ್ ಎತ್ತಿ ತೋರಿಸಿದ. ಉದುರಿದ್ದ ಕಾಳಿಗೆ ನೀರು ಬಿದ್ದು, ಬೆರಳುದ್ದ ರಾಗಿ ಪೈರು ಹಸಿರಾಗಿ ಎದ್ದು ನಿಂತಿತ್ತು. ಪಕ್ಕದಲ್ಲಿ ಒಂದು ಕುಡುಗೋಲು, ಹಸುವಿನ ಕೊರಳ ಗಂಟೆ, ಒಣಗಿದ ಸಗಣಿ.

"ಇಷ್ಟೆಲ್ಲಾ ಆದ್ಮೇಲೆ ಸರಿಯಾಗಿ ಇರೋದು ಯಾವುದಪ್ಪಾ?" ಎಂದೆ.

"ಹಾರ್ನ್ ಸಾರ್. ಹಾರ್ನ್ ಫಸ್ಟ್ ಕ್ಲಾಸ್ ಇದೆ" ಎಂದು ಒತ್ತಿ ತೋರಿಸಿದ. ನೆಗಡಿಯಾದ ಎಮ್ಮೆಕರು ಕೂಗಿದ ಹಾಗೆ "ಭೋಂಯ್ಯ್" ಎಂದಿತು. "ಇನ್ನೊಂದ್ ಮಾತು ಸಾರ್, ಟೆನ್ಶನ್ ತಗೋಬೇಡಿ. ರಿಪೇರಿ ಆದ್ಮೇಲೆ ದಿನಾ ಬೆಳಿಗ್ಗೆ ಸಂಜೆ ಸ್ಟಾರ್ಟ್ ಮಾಡ್ಲೇಬೇಕು. ಒಂದಿನ ಬಿಟ್ರೂ ಮಲ್ಕೊಳತ್ತೆ."

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ರಾಗಿ ಬದ್ಲಿ ಜ್ವಾಳ ಬೆಳೀತೈತೇನು ಕೇಳಬೇಕಿತ್ತಿಲ್ರೀ."

ಸಾಂಬ್ರಾಣಿ

ರಿಪೇರಿ ಮುಗಿಸಿ ಮೆಕ್ಯಾನಿಕ್ಕೇ ವ್ಯಾನು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ ಹೋದ. ನೋಡಲು ಲಕ್ಷಣವಾಗಿತ್ತು. ಬಾಗಿಲು ತೆರೆದರೆ ಮಾತ್ರ ಕೊಟ್ಟಿಗೆ. ಹೆಂಡತಿ ಸೋಪಿನಪುಡಿ ಹಾಕಿ ತೊಳೆದಳು, ಅರಿಶಿಣ ನೀರು ಚಿಮುಕಿಸಿದಳು, ನಿಂಬೆಸಿಪ್ಪೆ ತಿಕ್ಕಿದಳು. ವಾಸನೆ ಜಗ್ಗಲಿಲ್ಲ. ರೊಟ್ಟಿಗೆ ಸಗಣಿ ವಾಸನೆ ಹತ್ತಿದರೆ ಆರ್ಡರ್ ಹೋದಂತೆಯೇ ಎಂದು ಇಬ್ಬರೂ ಸೇರಿ ಇನ್ನೊಮ್ಮೆ ತಿಕ್ಕಿದೆವು.

ಕೊನೆಗೆ ನಾನೇ ಉಪಾಯ ಹೂಡಿದೆ. ಧೂಪದ ಬಟ್ಟಲಲ್ಲಿ ಕೆಂಡ ತುಂಬಿ, ಧಾರಾಳವಾಗಿ ಸಾಂಬ್ರಾಣಿ ಸುರಿದು, ವ್ಯಾನಿನೊಳಗಿಟ್ಟು, ಗಾಜು ಬಾಗಿಲು ಎಲ್ಲ ಭದ್ರ ಮಾಡಿ ಒಳಗೆ ಬಂದು ಪೇಪರ್ ಹಿಡಿದು ಕೂತೆ. ಪೇಪರಿನಲ್ಲಿ ಮುಳುಗಿ ಧೂಪದ ಮಾತು ಮರೆತೇಹೋಯಿತು.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಗಲಾಟೆ. "ವ್ಯಾನಲ್ಲಿ ಹೊಗೆ, ದೂರ ಹೋಗ್ರಿ, ದೂರ ಹೋಗ್ರಿ" ಎಂದು ಯಾರೋ ಕೂಗಿದರು. ಎದುರುಮನೆಯವರು ಗ್ಯಾಸ್ ಸಿಲಿಂಡರ್ ಎತ್ತಿಕೊಂಡು ಹೊರಗೆ ಬಂದರು. ಕಟ್ಟಡ ಕೆಲಸದವರು ಬಾಂಡಲಿಯಲ್ಲಿ ಮರಳು ತಂದರು. ಜನವೆಲ್ಲ ಬೀದಿಯ ಕೊನೆಯತ್ತ ಓಡಿದರು. ಅಲ್ಲಿ ಎಲ್ಲರಿಗಿಂತ ಮೊದಲೇ ತಲುಪಿ, ಏದುಸಿರು ಬಿಡುತ್ತ, "ಯಾರ ವ್ಯಾನಂತೆ?" ಎಂದು ವಿಚಾರಿಸುತ್ತಿದ್ದವನು ನಾನೇ.

ನಿಂಬೆಹಣ್ಣು

ಮಾರನೆಯ ದಿನ ಬೆಳಿಗ್ಗೆ ಪೂಜೆ. ವ್ಯಾನಿನ ಹಣೆಗೆ ಈಬತ್ತಿಯ ಮೂರು ಪಟ್ಟೆ ಎಳೆದು, ಹೂವು ಏರಿಸಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಹೆಂಡತಿ ಡ್ರೈವಿಂಗ್ ಕಲಿತಿದ್ದಾಳೆ, ಧೈರ್ಯವೂ ಅವಳದ್ದೇ. ನಾನು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುವ ಸಿಬ್ಬಂದಿ. ಅವಳು ಶಿವ ಶಿವಾ ಎಂದು ಕೀ ತಿರುಗಿಸಿದಳು. ವ್ಯಾನು ಕೆಮ್ಮಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದಳು. ಕೆಮ್ಮೂ ಇಲ್ಲ.

ನಿಂಬೆಹಣ್ಣು ಒಡೆಯದೆ ಇಳಿಯುವ ಹಾಗಿಲ್ಲ, ಅಪಶಕುನ. ಬೀದಿಯ ನಾಲ್ಕು ಜನ ಹಿಂದಿನಿಂದ ತಳ್ಳಲು ಬಂದರು, ಮೂಗು ಮುಚ್ಚಿಕೊಂಡು. ನೂಕಿದರು, ನಿಂಬೆಹಣ್ಣು ಒಡೆಯಿತು, ವ್ಯಾನು ಹಾಗೇ ನಿಂತಿತು. ಹೆಂಡತಿಗೆ ಸಿಟ್ಟು ನೆತ್ತಿಗೇರಿ ಹಾರ್ನಿನ ಮೇಲೆ ಗುದ್ದಿದಳು.

"ಭೋಂಯ್ಯ್."

ಹಿತ್ತಿಲಿನಿಂದ ಅದಕ್ಕಿಂತ ಜೋರಾಗಿ "ಅಂಬಾ" ಎಂದು ಉತ್ತರ ಬಂತು.

ಮರುಕ್ಷಣ ಓನರ್ ಕೊಟ್ಟಿಗೆಯಿಂದ ಓಡಿಬಂದರು. ಮೊಣಕೈವರೆಗೆ ಹಾಲು. "ಯಾರು ಆರ್ನ್ ಒಡ್ದಿದ್ದು?" ಎಂದು ಕೂಗಿದರು.

"ನಾನಲ್ಲ" ಎಂದು ನಾನು ತಕ್ಷಣ ಹೇಳಿದೆ.

ಒಪ್ಪಂದ

ವ್ಯಾನಿನ ಓಡಾಟ ನಿಂತಂದಿನಿಂದ ಹಸು ಸರಿಯಾಗಿ ಹಾಲು ಇಳಿಸುತ್ತಿರಲಿಲ್ಲವಂತೆ. ಪಶುವೈದ್ಯರು ಬಂದು ನೋಡಿದ್ದರು, ದೃಷ್ಟಿ ತೆಗೆಸಿದ್ದರು, ಕಪ್ಪುದಾರ ಕಟ್ಟಿದ್ದರು. ಏನೂ ಆಗಿರಲಿಲ್ಲ. ಇಷ್ಟು ವರ್ಷ ಬೆಳಿಗ್ಗೆ ಸಂಜೆ ವ್ಯಾನಿನ ಹಾರ್ನ್ ಕೇಳಿದ ಮೇಲೆಯೇ ಅದಕ್ಕೆ ಹುಲ್ಲು ಬೀಳುತ್ತಿತ್ತು, ಹಾಲು ಕರೆಯುತ್ತಿದ್ದರು. ಆ ಕೂಗು ಇಲ್ಲದೆ ಅದರ ಕೆಚ್ಚಲಿಗೆ ಹಾಲೇ ಇಳಿಯುತ್ತಿರಲಿಲ್ಲ.

ಓನರ್ ನಮ್ಮ ಜಗಲಿಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು. "ಬೇಜಾರು ಮಾಡ್ಕಬೇಡಿ ಸಾ. ವ್ಯಾನು ವಾಪಸ್ ಕೊಟ್ಬುಡಿ. ಉಯ್ಯಾಲೆ ಇಳಿಸ್ಕೊಡ್ತೀನಿ."

ಟ್ರಯಲ್ ಇದ್ದದ್ದು ಅದೇ ವಾರ. ಹೆಂಡತಿಯ ಮುಖ ನೋಡಲಾಗಲಿಲ್ಲ. ಅವಳು ಅಳುವವಳಲ್ಲ, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತುಬಿಟ್ಟಳು. ನನಗೂ ಏನಾದರೂ ಗಟ್ಟಿಯಾಗಿ ಮಾತಾಡಬೇಕು ಅನ್ನಿಸಿತು.

ಆದರೆ ಮಾತು ಬಂದದ್ದು ಮೇಲಿನಿಂದ. ಕಿರ್ರ್ ಎನ್ನುವ ಸದ್ದು ನಿಂತಿತು. ಅಜ್ಜಿ ಕಿಟಕಿಯಲ್ಲಿ ಮುಖ ತೂರಿಸಿ ಮಗನಿಗೆ ಹೇಳಿದರು: "ಹಸೂನಾದ್ರೂ ಮಾರ್ಕೊ, ಮನೆನಾದ್ರೂ ಮಾರ್ಕೊ. ನಾ ಇದ್ರಿಂದ ಇಳಿಯಾಕಿಲ್ಲ."

ಕೊನೆಗೆ ಒಪ್ಪಂದವಾಯಿತು. ವ್ಯಾನು ನಮ್ಮದೇ. ಹಾರ್ನ್ ಮಾತ್ರ ಯಾವ ಕಾಲಕ್ಕೂ ಬದಲಾಯಿಸಬಾರದು. ಬೆಳಿಗ್ಗೆ ನಾನು, ಸಂಜೆ ಅವಳು, ಕೊಟ್ಟಿಗೆಯ ಮುಂದೆ ವ್ಯಾನು ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯಬೇಕು. ಮೆಕ್ಯಾನಿಕ್ ಬಂದು ವ್ಯಾನನ್ನು ಎಬ್ಬಿಸಿಕೊಟ್ಟು ಹೋದ. ಆಮೇಲೆ ದಿನಾ ಎರಡು ಹೊತ್ತು ಸ್ಟಾರ್ಟ್ ಮಾಡಿದ್ದೇ ತಡ, ವ್ಯಾನಿನ ಕೆಮ್ಮೂ ಹೋಯಿತು. ಮೆಕ್ಯಾನಿಕ್ ಫೋನ್ ಮಾಡಿದಾಗ ಹಸುವಿನ ವಿಷಯ ಹೇಳಿದೆ. "ಸಾರ್, ನೀವು ಜಾಸ್ತಿ ಟೆನ್ಶನ್ ತಗೊಂಡಿದ್ದೀರಾ ಅನ್ಸುತ್ತೆ" ಎಂದ.

ಟ್ರಯಲ್

ಆ ದಿನ ನಾನು ರಜೆ ಹಾಕಿದೆ. ಹೆಂಡತಿ ನಸುಕಿನಿಂದಲೇ ಒಲೆಯ ಮುಂದೆ. ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ ಎಲ್ಲ ತುಂಬಿಕೊಂಡು ಐದಕ್ಕೆಲ್ಲ ಹೊರಟೆವು. ನಾನು ಜುಣಕದ ಪಾತ್ರೆಯನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದೆ. ಹೊರಡುವ ಗಡಿಬಿಡಿಯಲ್ಲಿ ಒಂದು ಕೆಲಸ ಇಬ್ಬರಿಗೂ ಮರೆತುಹೋಗಿತ್ತು.

ಸ್ಟೇಷನ್ ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತಿದ್ದೆವು. ಕನ್ನಡಿ ನೋಡಿದ ಹೆಂಡತಿ "ಏನ್ರೀ, ಹಿಂದ ನೋಡ್ರಿ" ಎಂದಳು. ಸಾಲುಗಟ್ಟಿದ ಗಾಡಿಗಳ ನಡುವೆ, ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಬಕೆಟ್ಟು ಹಿಡಿದು, ಓನರ್ ಹಸು ಹೊಡೆದುಕೊಂಡು ಬರುತ್ತಿದ್ದರು.

"ಅಕ್ಕಾ, ಒಂದ್ಸಲ ಒಡೀರಿ. ಕೆಚ್ಚಲು ಕಲ್ಲಾಗೈತೆ. ಗೂಟ ಕಿತ್ಕಂಡ್ ಬರಂಗವ್ಳೆ."

ಅಷ್ಟರಲ್ಲಿ ಮುಂದಿನ ರಸ್ತೆ ಬಿಟ್ಟಿತು. ಹಿಂದಿದ್ದ ಲಾರಿ, ಬಸ್ಸು, ಕಾರು ಎಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಹಸು ಅತ್ತ ತಿರುಗಿಯೂ ನೋಡಲಿಲ್ಲ. ಹೆಂಡತಿ ಒತ್ತಿದಳು, "ಭೋಂಯ್ಯ್." ಹಸು ಕಿವಿ ನಿಮಿರಿಸಿತು. ಓನರ್ ನಮ್ಮ ವ್ಯಾನಿನ ಹಿಂದೆ, ನಡುರಸ್ತೆಯಲ್ಲಿ, ಕುಕ್ಕರಗಾಲಲ್ಲಿ ಕೂತೇಬಿಟ್ಟರು.

ನಾವು ಹೊರಡೋಣವೆಂದು ವ್ಯಾನು ಒಂದಡಿ ಸರಿಸಿದರೆ ಹಸುವೂ ಒಂದಡಿ ಸರಿಯುತ್ತದೆ. "ತಡೀರಕ್ಕಾ, ಇನ್ನೂ ಅರ್ಧ ಐತೆ" ಎಂದು ಕೆಳಗಿನಿಂದ ದನಿ. ಬಸ್ಸಿನವರು ಕಿಟಕಿಯಿಂದ ವಿಡಿಯೋ ಮಾಡುತ್ತಿದ್ದರು. ನಾನು ಪಾತ್ರೆಯ ಮುಚ್ಚಳದಿಂದ ಮುಖ ಮರೆಸಿಕೊಂಡೆ. ಹೆಂಡತಿ ಹಲ್ಲು ಕಚ್ಚಿಕೊಂಡು ಹಾರ್ನ್ ಒತ್ತುತ್ತಲೇ ಇದ್ದಳು. ಬಕೆಟ್ ತುಂಬಿದ ಮೇಲೆ ಓನರ್ ಎದ್ದು ವ್ಯಾನಿನ ಬೆನ್ನು ತಟ್ಟಿದರು. ಹೆಂಡತಿ ಹೊಡೆದ ವೇಗಕ್ಕೆ ನನ್ನ ಕಾಲಿನ ಕೆಳಗಿನ ಇಲ್ಲದ ಬ್ರೇಕು ಸವೆದುಹೋಗಿರಬೇಕು.

ಮಾಕಳಿ ತಲುಪಿದಾಗ ಆರೂವರೆ ದಾಟಿತ್ತು. ಎಲ್ಲ ಮುಗಿಯಿತು ಅಂದುಕೊಂಡು ಕ್ಯಾಂಟೀನಿಗೆ ಓಡಿದೆವು. ಮ್ಯಾನೇಜರ್ ಅಲ್ಲಿರಲಿಲ್ಲ. ಹೊರಗೆ ಹೋದವರು ಇನ್ನೂ ಬಂದಿಲ್ಲ ಎಂದರು. ಪಾತ್ರೆ ಜೋಡಿಸಿ, ಮುಚ್ಚಳ ತೆಗೆದು, ಹೆಂಡತಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವರು ಹೆಲ್ಮೆಟ್ ಹಿಡಿದು ಓಡೋಡಿ ಬಂದರು.

"ಸಾರಿ ಮೇಡಂ, ನಾನೇ ಲೇಟು. ಚಿಕ್ಕಬಾಣಾವರದಲ್ಲಿ ಫುಲ್ ಜಾಮು, ಮುಂದೆಲ್ಲೋ ಎಮ್ಮೆಕರು ಕೂಗಿದ ಹಾಗೆ ಒಂದು ಹಾರ್ನು. ಯಾರೋ ಪುಣ್ಯಾತ್ಮರು ರೋಡ್ ಮಧ್ಯ ಹಸು ಹಾಲು ಕರೀತಿದ್ರಂತೆ."

ನಾನು ಜುಣಕದ ಪಾತ್ರೆಯೊಳಗೆ ಇಣುಕಿ ನೋಡುತ್ತ ನಿಂತೆ. ಹೆಂಡತಿ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತ, ಮುಖ ಒಂದಿಷ್ಟೂ ಅಲುಗಿಸದೆ, "ಹೌದೇನ್ರಿ ಸರ? ಜನಕ್ಕ ಸ್ವಲ್ಪನೂ ಬುದ್ಧಿ ಇಲ್ಲ ನೋಡ್ರಿ" ಎಂದಳು.

ಅವರು ತಿಂದರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಕೈ ತೊಳೆದು ಬಂದು, "ಆರ್ಡರ್ ನಿಮ್ದೇ ಮೇಡಂ, ನಾಳೆಯಿಂದ್ಲೇ ಶುರು ಮಾಡಿ" ಎಂದರು. ಹೆಂಡತಿ ಅವತ್ತು ಮೊದಲ ಸಲ ಕೂತಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನನ್ನದನ್ನು ಅವಳು ನೋಡಿದಳು.

ಬೀಳ್ಕೊಡಲು ಮ್ಯಾನೇಜರ್ ಗೇಟಿನವರೆಗೂ ಬಂದರು. ವಾಚ್‌ಮನ್ ಫೋನಿನಲ್ಲಿ ಮುಳುಗಿದ್ದ, ಗೇಟು ಮುಚ್ಚಿತ್ತು. ಗೆದ್ದ ಖುಷಿಯಲ್ಲಿ, ಅಭ್ಯಾಸಬಲದಿಂದ, ಹೆಂಡತಿ ಹಾರ್ನ್ ಒತ್ತಿದಳು.

"ಭೋಂಯ್ಯ್."

ಮ್ಯಾನೇಜರ್ ನಿಂತಲ್ಲೇ ನಿಂತರು. ನಿಧಾನವಾಗಿ ವ್ಯಾನಿನ ಹಿಂದಕ್ಕೆ ಹೋದರು. ಬಂಪರಿನ ಮೇಲೆ ಒಣಗಿದ ಹಾಲಿನ ಚುಕ್ಕೆಗಳನ್ನು ಬಗ್ಗಿ ನೋಡಿದರು. ಕಿಟಕಿಯ ಬಳಿ ಬಂದರು. ನನ್ನ ಕಾಲು ಇಲ್ಲದ ಬ್ರೇಕನ್ನು ಆದಷ್ಟೂ ಒತ್ತಿ ಹಿಡಿದಿತ್ತು.

"ನಾಳೆಯಿಂದ ಊಟದ ಜೊತೆ ಮಜ್ಜಿಗೇನೂ ಇರ್ಲಿ ಮೇಡಂ" ಎಂದರು. "ಹಾಲು ಕರೆಯೋದು ಮಾತ್ರ ಮನೇಲೇ ಮುಗಿಸ್ಕೊಂಡು ಬನ್ನಿ."