ಬೆಟಗೇರಿಯಿಂದ ಬೆಟಗೇರಿಗೆ, ಭೂಮಿ ಸುತ್ತಿ

ಊಹೆ ಮಾಡಿರಿ ನೋಡೋಣ. ಗದಗ ಸ್ಟೇಷನ್ ರಸ್ತೆಯ ನನ್ನ ಪುಟ್ಟ ಅಂಗಡಿಗೆ ಬೆಟಗೇರಿಯ ಹತ್ತಿ ಸಾವ್ಕಾರರೊಬ್ಬರು ಬಂದರು. ಕಾಲ್ಮರಿ ಹೊರಗೆ ಬಿಟ್ಟರು, ಕುರ್ಚಿ ಎಳೆದುಕೊಂಡು ನನ್ನ ಮಗ್ಗಲಿಗೇ ಕೂತರು, ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿದರು. ಏನು ನಡೆದಿತ್ತು ಹೇಳಿರಿ? ನನಗೇನಾದರೂ ಪೆಟ್ಟಾಗಿತ್ತೆ? ಸನ್ಮಾನ ಮಾಡಲು ಬಂದಿದ್ದರೆ? ಎರಡೂ ಅಲ್ಲ. ಹೆಂಡತಿಯನ್ನು ಕರೆದುಕೊಂಡು ಬಿಜಿನೆಸ್ ಕ್ಲಾಸಿನಲ್ಲಿ ಜಗತ್ತು ಸುತ್ತಿ ಬರುವ ಟಿಕೆಟ್ಟಿಗೆ ಅವರು ಚೌಕಾಶಿ ಶುರು ಮಾಡಿದ್ದರು!

ಪ್ರವಾಸದ ಟಿಕೆಟ್ ಮಾಡಿಸಿಕೊಡುವವನ ಎದುರು ಇಂಥವು ನಡೆಯುತ್ತಲೇ ಇರುತ್ತವೆ. ನಾನು ಭೂಗೋಳ ಓದಿ ಬಿ.ಎ. ಆದವನು. ಆ ಭೂಗೋಳದಿಂದ ನನಗೆ ಸಿಕ್ಕದ್ದು ತಿರುಪತಿ, ಕಾಶಿಯ ರೈಲು ರಿಸರ್ವೇಶನ್ನು, ಲಕ್ಷ್ಮೇಶ್ವರದ ಹಜ್ ಯಾತ್ರಿಕರ ಅರ್ಜಿ ಬರೆಯುವ ಕೆಲಸ, ಮತ್ತೆ ಊರವರು ಕೊಟ್ಟ 'ಟಿಕೀಟ ಮಾಸ್ತರ' ಎಂಬ ಪದವಿ. ಎಂಬತ್ತರ ದಶಕ ಆಗತಾನೇ ಕಣ್ಣು ಬಿಡುತ್ತಿತ್ತು. ಜಗತ್ತು ಸುತ್ತುವ ಗಿರಾಕಿ ನನಗೆ ಸಿಕ್ಕಿದ್ದು ಅದೇ ಮೊದಲು, ಅದೇ ಕೊನೆ.

ಟವೆಲ್ಲಿನ ಕೆಳಗೆ

ನಮ್ಮ ಕಡೆ ಹತ್ತಿ, ದನ, ಯಾವುದರ ವ್ಯಾಪಾರವಾದರೂ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಒತ್ತುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದು ಕಾಣುತ್ತದೆ, ದರ ಕಾಣುವುದಿಲ್ಲ.

ಸಾವ್ಕಾರರು ನನ್ನ ಎರಡು ಬೆರಳು ಒತ್ತಿದರು. "ಸಾವ್ಕಾರ್ರ, ಇದರ ದರ ಮುಂಬಯಿಯವರು ಛಾಪಿಸಿ ಕಳಿಸಿದ್ದು. ನನ್ನ ಬೆರಳಿನ್ಯಾಗ ಏನೂ ಇಲ್ರಿ" ಎಂದೆ. ಅವರು ನಕ್ಕು ಇನ್ನೊಂದು ಬೆರಳು ಸೇರಿಸಿದರು. ಛಾಪಿಸಿದ ದರ ಅಂದರೆ ಅವರಿಗೆ ಮಾತು ಶುರುಮಾಡುವುದಕ್ಕೊಂದು ನೆವ ಅಷ್ಟೇ.

ನಾನು ಕೈ ಎಳೆದುಕೊಂಡೆ. "ಹಂಗಾದ್ರ ನಮೂನಿ ತೋರಿಸ್ರಿ" ಎಂದರು.

"ಯಾವುದರ ನಮೂನಿ?"

"ಕುರ್ಚೀದು. ಅಂಡಿಗಿಯಿಂದ ಒಂದು ಹಿಡಿ ಹತ್ತಿ ಹಿರಿದು ನೋಡದ ನಾವು ಮಾಲು ಎತ್ತೂದಿಲ್ಲ. ಕುಂಡ್ರಾಕ ಮೆತ್ತಗ ಐತೋ ಇಲ್ಲೋ ನೋಡಬೇಕಲ್ಲ?"

ವಿಮಾನದ ಕುರ್ಚಿಯನ್ನು ಗದಗಕ್ಕೆ ಎಲ್ಲಿಂದ ತರಲಿ? ಮುಂಬಯಿಯ ಕಚೇರಿಗೆ ಟ್ರಂಕ್ ಕಾಲ್ ಮಾಡಿ, ಗಂಟಲು ಹರಿಯುವಂತೆ ಕೂಗಿ ಕೇಳಿದೆ. ಆ ಕಡೆಯ ಪುಣ್ಯಾತ್ಮ ಬಣ್ಣದ ಚಿತ್ರವಿದ್ದ ಪುಸ್ತಕವೊಂದನ್ನು ಕಳಿಸಿದ. ಅದರಲ್ಲಿ ಒಬ್ಬ ದೊರೆ ಕಾಲು ಚಾಚಿ, ಕಣ್ಣು ಮುಚ್ಚಿ ಮಲಗಿದ್ದ. ಸಾವ್ಕಾರರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಂವ ಬಿಜಿನೆಸ್ ಮಾಡಾಕ ಹೊಂಟಾಂವಲ್ಲ ಬಿಡ್ರಿ. ಬಿಜಿನೆಸ್ ಇದ್ದಾವಗ ಇಷ್ಟು ನಿದ್ದಿ ಎಲ್ಲಿ ಬರತೈತಿ?"

ಕಿಟಕಿಯ ಹೊರಗೆ

ಖರೆ ಹೇಳಬೇಕೆಂದರೆ ಈ ಪ್ರವಾಸದ ಹುಚ್ಚು ಸಾವ್ಕಾರರದಲ್ಲ, ಅವರ ಮನೆಯವರದು. ಅವರನ್ನು ಎಲ್ಲರೂ 'ಅಕ್ಕಾರು' ಎನ್ನುತ್ತಿದ್ದರು. ಮುಂಡರಗಿಯ ಹೆಣ್ಣುಮಗಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಭೂಗೋಳಕ್ಕೆ ಶಾಲೆಗೇ ಮೊದಲು ಬಂದಿದ್ದರಂತೆ. ಮುಂದಿನ ತಿಂಗಳೇ ಮದುವೆ. ಓದು ಅಲ್ಲಿಗೆ ನಿಂತಿತು. ಸಾವ್ಕಾರರಿಗೆ ಅರವತ್ತು ತುಂಬಿದಾಗ, ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಏನು ಬೇಕೆಂದು ಹೆಂಡತಿಯನ್ನು ಕೇಳಿದರು. ಬೀಗರೆಲ್ಲ ಕುಳಿತಿದ್ದರು. ಬಂಗಾರದ ಪಾಟಲಿ ಕೇಳುತ್ತಾರೆಂದು ಎಲ್ಲರ ಎಣಿಕೆ. ಅಕ್ಕಾರು, "ಭೂಮಿ ದುಂಡಗ ಐತಿ ಅಂತ ಬರದು ಮಾರ್ಕ್ಸ್ ತಗೊಂಡೇನಿ. ಒಂದು ಸುತ್ತು ಹಾಕಿ ನೋಡಬೇಕು" ಎಂದುಬಿಟ್ಟರು. ಬೀಗರೆದುರು ಆಡಿದ ಮಾತು. ಸಾವ್ಕಾರರಿಗೆ ಹಿಂತೆಗೆಯಲು ಬರಲಿಲ್ಲ. ಆದರೆ ತಪ್ಪಿಸಿಕೊಳ್ಳಲು ಸಂದಿ ಹುಡುಕುವುದನ್ನು ಅವರು ಒಂದು ದಿನವೂ ಬಿಡಲಿಲ್ಲ.

ಮೊದಲ ಸಂದಿ ಲಕ್ಷ್ಮೇಶ್ವರದ ಸಾಹೇಬರಿಂದ ಸಿಕ್ಕಿತು. ಸಾಹೇಬರು ಅತ್ತರಿನ ವ್ಯಾಪಾರಸ್ಥರು, ಹಜ್‌ಗೆ ವಿಮಾನದಲ್ಲಿ ಹೋಗಿಬಂದ ಅನುಭವಸ್ಥರು. ಅವರನ್ನು ನಾನೇ ಸಾವ್ಕಾರರ ಮನೆಗೆ ಕರೆಸಿದ್ದೆ, ಧೈರ್ಯ ಹೇಳಲಿ ಎಂದು.

"ಕಿಟಕಿ ಕಡೆ ಕುಂತ್ರ ಹೊರಗ ಏನು ಕಾಣಸ್ತೈತ್ರಿ?" ಸಾವ್ಕಾರರು ಕೇಳಿದರು.

ಸಾಹೇಬರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, "ಕ್ಯಾ ಬಾತ್! ಬೆಳ್ಳಗ, ಮೆತ್ತಗ, ರಾಶಿ ರಾಶಿ. ಎಲ್ಲಿ ನೋಡಿದ್ರೂ ಹತ್ತಿ. ಹೂಬಹೂ ನಿಮ್ಮ ಗೋದಾಮು ನೋಡ್ರಿ!" ಎಂದರು.

ಸಾವ್ಕಾರರ ಮುಖ ಇಳಿಯಿತು. "ಅಲ್ರಿ ಸಾಹೇಬ್ರ, ನಮ್ಮ ಗೋದಾಮಿಗೆ ನಾ ನಡಕೋತ ಹೋಗತೇನಿ. ಅದನ್ನ ನೋಡಾಕ ಇಷ್ಟು ರೊಕ್ಕ ಹಾಕಬೇಕೇನು?" ಎಂದವರೇ ಹೆಂಡತಿಯ ಕಡೆ ತಿರುಗಿ, "ಆತಲ್ಲ, ಬಿಡೂಣು. ಕಾಶಿಗೆ ಹೋಗಿ ಬರೂಣು" ಎಂದರು.

ಅಕ್ಕಾರು ಸಾಹೇಬರಿಗೆ ಚಹಾ ಕೊಡುತ್ತ ತಣ್ಣಗೆ ಹೇಳಿದರು: "ಮಾಲು ನೋಡಿ ಬರ್ರಿ. ಗೋದಾಮಿನ್ಯಾಗ ನಿಮ್ಮ ಹತ್ತಿಯನ್ನ ಕೆಳಗಿಂದ ನೋಡೀರಿ, ಮ್ಯಾಲಿಂದ ಯಾವಾಗ ನೋಡೀರಿ?"

ಬಲಕ್ಕೋ ಎಡಕ್ಕೋ

ಜಗತ್ತು ಸುತ್ತುವ ಟಿಕೆಟ್ಟಿಗೆ ಒಂದು ನಿಯಮವಿತ್ತು. ಮೂಡಲಿಗೆ ಹೊರಟರೆ ಮೂಡಲಿಗೇ, ಪಡುವಲಿಗೆ ಹೊರಟರೆ ಪಡುವಲಿಗೇ ಹೋಗುತ್ತಿರಬೇಕು, ನಡುವೆ ಹಿಂದಕ್ಕೆ ತಿರುಗುವಂತಿಲ್ಲ. "ಯಾವ ಕಡೆ ಬರೀಲಿ?" ಎಂದು ಕೇಳಿ ಕೆಟ್ಟೆ. ಸುತ್ತು ಎಂದ ಮೇಲೆ ಪ್ರದಕ್ಷಿಣೆ, ಪ್ರದಕ್ಷಿಣೆ ಎಂದ ಮೇಲೆ ಶಾಸ್ತ್ರ. ಶಿರಹಟ್ಟಿಯಿಂದ ಅವರ ಮನೆತನದ ಪೂಜೆ ಮಾಡಿಸುವ ಅಯ್ಯನವರು ಬಂದರು.

ಪೃಥ್ವಿಯ ಗೋಲ ನನ್ನಲ್ಲಿ ಇರಲಿಲ್ಲ. ಅಕ್ಕಾರು ಒಂದು ತೆಂಗಿನಕಾಯಿಗೆ ಕುಂಕುಮದ ಬೊಟ್ಟು ಇಟ್ಟು, "ಇದು ಗದಗ" ಎಂದು ಸ್ಟೂಲಿನ ಮೇಲೆ ಇಟ್ಟರು. ಅಯ್ಯನವರು ಬಲಗೈ ಕಾಯಿಯ ಕಡೆ ಬರುವಂತೆ ಸ್ಟೂಲನ್ನು ಒಂದು ಸುತ್ತು ಹಾಕಿದರು, ನಿಂತರು, ಹಣೆ ಉಜ್ಜಿಕೊಂಡರು.

"ಒಂದು ತೊಡಕು ಐತ್ರಿ. ನಾವು ದೇವರನ್ನ ಸುತ್ತತೀವಿ. ದೇವರ ಮ್ಯಾಲ ಏರಿ ನಿಂತು ಸುತ್ತೂದಿಲ್ಲ. ಇಲ್ಲಿ ನಾವು ಕಾಯಿ ಮ್ಯಾಲ ಅದೇವಿ. ಹಂಗಾದ್ರ ಬಲಕ್ಕ ಏನು ಬರತೈತಿ?"

ನನ್ನ ಬಿ.ಎ. ಅಲ್ಲಿಗೆ ಮುಗಿಯಿತು. ಸಾವ್ಕಾರರು ಖುಷಿಯಿಂದ, "ಶಾಸ್ತ್ರದಾಗ ಇಲ್ಲದ್ದು ಮಾಡಬಾರದು. ಆತಲ್ಲ, ಬಿಡೂಣು. ಗೋಕರ್ಣಕ್ಕ ಹೋಗಿ ಬರೂಣು" ಎಂದರು. ಕಾಶಿ ಗೋಕರ್ಣಕ್ಕೆ ಇಳಿದದ್ದನ್ನು ನಾನು ಗಮನಿಸಿದೆ.

ಅಕ್ಕಾರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಅಯ್ನಾರ, ಸೂರ್ಯ ದಿನಾ ಒಂದು ಸುತ್ತು ಹಾಕತಾನಲ್ರಿ. ಅಂವೇನು ಉಲ್ಟಾ ಹಾಕತಾನೇನು? ಅಂವ ಪಡುವಲಕ್ಕ ಹೋದ್ರ ನಾವೂ ಪಡುವಲಕ್ಕ ಹೋಗೂಣು."

ಅಯ್ಯನವರ ಮುಖ ಅರಳಿತು. "ನಾನೂ ಅದನ್ನ ಹೇಳಾಂವ ಇದ್ದೆ ತಂಗಿ, ಅಷ್ಟರಾಗ ನೀ ಹೇಳಿದಿ!"

ತೀರ್ಮಾನವಾಯಿತು. ಮುಂಬಯಿ, ಲಂಡನ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಹಾಂಕಾಂಗ್, ಮದ್ರಾಸು, ಮತ್ತೆ ಮುಂಬಯಿ. ನಾನು ಪೆನ್ನಿನ ಟೋಪಿ ಹಾಕುವಷ್ಟರಲ್ಲಿ ಅಯ್ಯನವರು ಸ್ಟೂಲಿನ ಮೇಲಿನ ಭೂಮಂಡಲವನ್ನು ಎತ್ತಿ ಜೋಳಿಗೆಗೆ ಹಾಕಿಕೊಂಡು ಶಿರಹಟ್ಟಿ ಬಸ್ಸಿಗೆ ಹೊರಟುಹೋದರು.

ಒಂದು ದಿನ ಕಮ್ಮಿ

ಪಡುವಲಿಗೆ ಹೋದರೆ ಇನ್ನೊಂದು ಪೇಚು. ಅಮೆರಿಕ ದಾಟಿ ಈ ಕಡೆ ಬರುವಾಗ ಸಮುದ್ರದ ನಡುವೆ ಒಂದು ಗೆರೆ ಇದೆ. ಅದನ್ನು ದಾಟಿದರೆ ಪಂಚಾಂಗದಿಂದ ಒಂದು ದಿನ ಮಾಯ. ಸುಮ್ಮನಿರದೆ ಈ ಮಾತನ್ನೂ ಹೇಳಿದೆ.

ಅಕ್ಕಾರು ಮೊದಲ ಸಲ ಗಾಬರಿಯಾದರು. ಅವರು ಹದಿನಾರು ಸೋಮವಾರದ ವ್ರತ ಹಿಡಿದಿದ್ದರು. "ಆ ಮಾಯ ಆಗೂದು ಸೋಮವಾರ ಇದ್ರ? ನನ್ನ ವ್ರತ ಮುರದಂಗ ಆಗೂದಿಲ್ಲೇನ್ರಿ?"

ಸಾವ್ಕಾರರು ಇದೇ ಸಂದಿಗೆ ಕಾದಿದ್ದವರಂತೆ ಎದ್ದು ನಿಂತರು. "ದೇವರ ಕೂಡ ಆಟ ಬ್ಯಾಡ. ಆತಲ್ಲ, ಬಿಡೂಣು. ಹಂಪಿಗೆ ಹೋಗಿ ಬರೂಣು. ಮುಂಜಾನೆ ಹೋಗಿ ಸಂಜಿಗೆ ಬರಾಕ ಬರತೈತಿ."

ಅಕ್ಕಾರ ಕಣ್ಣು ತುಂಬಿ ಬಂದವು. ನಗಿಸುವ ಕಥೆಯಲ್ಲಿ ಇದನ್ನು ಹೇಳಬಾರದೇನೋ, ಆದರೆ ಆ ಮುಖ ನೋಡಿ ನನಗೆ ಊಟ ಸೇರಲಿಲ್ಲ. ಮರುದಿನ ಮತ್ತೆ ಟ್ರಂಕ್ ಕಾಲ್, ಮತ್ತೆ ಕೂಗಾಟ. ಕೊನೆಗೆ ಶುಕ್ರವಾರ ರಾತ್ರಿ ಹತ್ತಿ ರವಿವಾರ ಮುಂಜಾನೆ ಇಳಿಯುವ ವಿಮಾನ ಸಿಕ್ಕಿತು. ಓಡೋಡಿ ಬೆಟಗೇರಿಗೆ ಹೋದೆ.

"ಅಕ್ಕಾರ, ಸೋಮವಾರಕ್ಕ ಧಕ್ಕಿ ಇಲ್ರಿ. ಮಾಯ ಆಗೂದು ಶನಿವಾರ!"

ಸಾವ್ಕಾರರು ಎಲೆ ಅಡಿಕೆ ಹಾಕುತ್ತಿದ್ದವರು ಬಾಯಿ ತೆರೆದೇ ಕುಳಿತರು. ಅವರಿಗೆ ಆಗ ಶನಿಯ ಸಾಡೇಸಾತಿ ನಡೆಯುತ್ತಿತ್ತು. ಪ್ರತಿ ಶನಿವಾರ ಎಳ್ಳೆಣ್ಣೆ, ಪ್ರತಿ ಶನಿವಾರ ಹನುಮಪ್ಪನ ಗುಡಿ, ಪ್ರತಿ ಶನಿವಾರ ಪೇಟೆಯಲ್ಲಿ ದರ ಕುಸಿತ.

"ಶನಿವಾರ? ಪೂರಾ ಶನಿವಾರ?"

"ಪೂರಾ ಹೋದಂಗರಿ."

"ಅದು ಶನಿ ಲೆಕ್ಕದಾಗ ಜಮಾ ಆಗತೈತೇನು?"

"ಅದನ್ನ ಅಯ್ನಾರಿಗೆ ಕೇಳ್ರಿ. ನನಗ ಗೊತ್ತಿದ್ದಷ್ಟು, ಆ ಶನಿವಾರ ನಿಮ್ಮ ಬಾಳೇದಾಗ ಬರೂದಿಲ್ಲ."

ಅಲ್ಲಿಯವರೆಗೆ ಹಂಪಿಗೆ ಹೊರಟಿದ್ದ ಮನುಷ್ಯ ನನ್ನ ಎರಡೂ ಕೈ ಹಿಡಿದುಕೊಂಡರು, ಈ ಸಲ ಟವೆಲ್ ಇಲ್ಲದೆ. "ಮಾಸ್ತರ, ಆ ದಾರ್‍ಯಾಗ ಇಂಥಾ ಗೆರಿ ಇನ್ನೂ ಎರಡು ಮೂರು ಇಲ್ಲೇನ್ರಿ?"

ಆರತಿ

ಪರವಾನಗಿ, ಪಾಸ್‌ಪೋರ್ಟಿನ ಕಥೆ ಬಿಡಿರಿ, ಅದನ್ನು ಹೇಳಿದರೆ ನೀವು ಅಳುತ್ತೀರಿ. ಎಲ್ಲ ಮುಗಿದು ಟಿಕೆಟ್ ಕೈಗೆ ಬಂದಾಗ ಅಕ್ಕಾರು ಅದನ್ನು ದೇವರ ಮುಂದಿಟ್ಟು, ಆಮೇಲೆ ಕನ್ನಡಕ ಹಾಕಿಕೊಂಡು ನನ್ನಿಂದ ಓದಿಸಿಕೊಂಡರು.

"ಕಡೀಕ ಮತ್ತ ಮುಂಬಯಿ ಯಾಕ್ರಿ?"

"ಅಲ್ಲಿಂದ ಹೊಂಟೀರಿ, ಅಲ್ಲೇ ಇಳೀತೀರಿ. ಸುತ್ತು ಪೂರಾ ಆತು."

"ಮುಂಬಯಿದು ಪೂರಾ ಆತು. ನಾ ಹೊರಡೂದು ಬೆಟಗೇರಿಂದ. ಹುಬ್ಬಳ್ಳಿ ಮ್ಯಾಲ ಹೋಗಿ ಹುಬ್ಬಳ್ಳಿ ಮ್ಯಾಲ ತಿರುಗಿ ಬಂದ್ರ ಅದು ಸುತ್ತು ಹೆಂಗ ಆಗತೈತಿ? ಗುಡೀ ಸುತ್ತಾಂವ ಅರ್ಧಕ್ಕ ಹಿಂದ ಬಂದಂಗ."

ಭೂಗೋಳದ ಪ್ರಕಾರ ಇದಕ್ಕೆ ಉತ್ತರವಿತ್ತು. ಅಕ್ಕಾರ ಎದುರು ಹೇಳುವ ಧೈರ್ಯ ಇರಲಿಲ್ಲ. ಕೊನೆಯ ವಿಮಾನ ಬಿಟ್ಟು ಮದ್ರಾಸಿನಲ್ಲೇ ಇಳಿದು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಮೂಡಲ ಕಡೆಯಿಂದ ಗದಗಕ್ಕೆ ಬರುವುದೆಂದಾಯಿತು. ಹೊರಡುವ ದಿನ ಅಕ್ಕಾರು ಮುಂಬಾಗಿಲ ಹೊಸ್ತಿಲಿಗೆ ನಮಸ್ಕಾರ ಮಾಡಿ ಟಾಂಗಾ ಹತ್ತಿದರು. ಬುತ್ತಿಯ ಗಂಟು ಸಾವ್ಕಾರರ ತೊಡೆಯ ಮೇಲೆ, ಗಂಟಿನೊಳಗೆ ಖಡಕ್ ರೊಟ್ಟಿ.

ಅವರು ಬರುವ ದಿನ ಗದಗ ಸ್ಟೇಷನ್ನಿನಲ್ಲಿ ಜನವೋ ಜನ. ಬ್ಯಾಂಡಿನವರು, ಹತ್ತಿ ಪೇಟೆಯ ದಲಾಲರು, ಲಕ್ಷ್ಮೇಶ್ವರದ ಸಾಹೇಬರು, ಕೈಯಲ್ಲಿ ಹಾರ ಹಿಡಿದ ನಾನು. ಗುಂತಕಲ್ ಗಾಡಿ ಬಂತು. ಬ್ಯಾಂಡು ಶುರುವಾಯಿತು. ಜನ ಇಳಿದರು, ಇಳಿದು ಮುಗಿದರು. ಸಾವ್ಕಾರರಿಲ್ಲ, ಅಕ್ಕಾರಿಲ್ಲ! ಬ್ಯಾಂಡಿನವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಾಂಕಾಂಗ್‌ನಲ್ಲಿ ವಿಮಾನ ತಪ್ಪಿತೋ, ಮದ್ರಾಸಿನಲ್ಲಿ ಗಾಡಿಯೋ? ಗಾರ್ಡನ ಹತ್ತಿರ ಓಡಿದೆ.

"ಭಾಳ ಪೆಟಿಗಿ ಇದ್ದ ಗಂಡ ಹೆಂಡ್ತಿನಾ? ಅವರು ಹಿಂದಿನ ಸ್ಟೇಷನ್ನಿನ್ಯಾಗ ಇಳದ್ರಲ್ರಿ, ಕಣಗಿನಹಾಳದಾಗ! ಸಿಗ್ನಲ್ ಸಿಗದ ಗಾಡಿ ಅಲ್ಲೇ ಎರಡು ತಾಸು ನಿಂತಿತ್ತು."

ಟಾಂಗಾ ಹತ್ತಿ ಬೆಟಗೇರಿಗೆ ಹಾರಿದೆವು. ಮನೆ ಮುಂದೆ ತೋರಣ. ಮುಂಡರಗಿಯಿಂದ ಬಂದಿದ್ದ ಅಕ್ಕಾರ ನಾದಿನಿ, ಸಾವ್ಕಾರರ ತಂಗಿ, ಹೊಸ್ತಿಲ ಹೊರಗೆ ಆರತಿ ತಟ್ಟೆ ಹಿಡಿದು, ಓಣಿಯ ಕಡೆ ಮುಖ ಮಾಡಿ ನಿಂತಿದ್ದರು. ನಮ್ಮ ಟಾಂಗಾ ಖಾಲಿ ಬಂದದ್ದು ಕಂಡು, "ನಮ್ಮ ವೈನಿ ಎಲ್ಲಿ?" ಎಂದು ಚೀರಿದರು.

ಹಿಂದಿನಿಂದ ಒಂದು ಕೈ ಅವರ ಹೆಗಲು ತಟ್ಟಿತು. "ಇಲ್ಲೇ ಅದೇನಿ. ಸ್ವಲ್ಪ ಸರೀ, ಹೊಸ್ತಿಲಾ ಮುಟ್ಟಬೇಕು."

ಅಕ್ಕಾರು! ಮನೆಯೊಳಗಿಂದ! ಸೀರೆಯ ತುಂಬ ಧೂಳು. ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ನನ್ನ ಕಡೆ ನೋಡಿದರು. "ಗದಗದಾಗ ಇಳಿದಿದ್ರ ಹೋದ ಓಣ್ಯಾಗೇ ಮತ್ತ ಬರಬೇಕಾಗತಿತ್ತು, ಮಾಸ್ತರ. ಕಣಗಿನಹಾಳದಾಗ ಇಳದು ಹೊಲದ ದಾರಿ ಹಿಡದ್ವಿ. ಹಿತ್ತಲ ಬಾಗಲಿಂದ ಬಂದು ಮುಂಬಾಗಲಾ ಮುಟ್ಟಿದೆ. ಈಗ ಆತು ನೋಡ್ರಿ ಸುತ್ತು!" ಅರವತ್ತರ ಹತ್ತಿರದ ಹೆಣ್ಣುಮಗಳು, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ನಗುತ್ತಿದ್ದರು. ನಾದಿನಿ ದಿಕ್ಕು ತಪ್ಪಿ ಆರತಿಯನ್ನು ನನಗೇ ಬೆಳಗಿಬಿಟ್ಟರು.

ಒಳಗಿಂದ ಸಾವ್ಕಾರರು ಕುಂಟುತ್ತ ಬಂದರು. ಮೈಮೇಲೆ ಕೋಟು, ಕಾಲಲ್ಲಿ ವಿಮಾನದವರು ಕೊಟ್ಟ ಮೆತ್ತನೆಯ ಚಪ್ಪಲಿ, ಕೈಯಲ್ಲಿ ಅರ್ಧ ತಿಂದ ಕಡುಬು.

"ಜಗತ್ತೆಲ್ಲಾ ಕಾಲು ಚಾಚಿ ಮಲಗಿ ಬಂದೆ, ಮಾಸ್ತರ. ಕಣಗಿನಹಾಳದಿಂದ ಚಕ್ಕಡ್ಯಾಗ ನಿಂತು ಬಂದೆ. ಕುಂಡ್ರಾಕ ಜಾಗಾ ಇರಲಿಲ್ಲ, ಆ ರೈತನ ಮಂದಿಯೆಲ್ಲಾ ಹೊಲಕ್ಕ ಎಡಿ ಒಯ್ದು ಚರಗಾ ಚೆಲ್ಲಾಕ ಹೊಂಟಿದ್ರು. ಆದ್ರ ಒಂದು ಮಾತು, ಅಷ್ಟು ದೊಡ್ಡ ಜಗತ್ತಿನ್ಯಾಗ ಕಡುಬು ಕೊಟ್ಟಾವ್ರು ಅವರೊಬ್ಬರ ನೋಡ್ರಿ!"

ಅವತ್ತು ಶೀಗಿ ಹುಣ್ಣಿಮೆ, ರೈತರು ಭೂಮಿಯನ್ನೇ ಪೂಜಿಸುವ ದಿನ.